ಮೂರನೇ ತಿರುವಿನ ಗೇರು

ಫೆಬ್ರವರಿ 5, ಸೋಮವಾರ

ಚೂಟಿ,

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ತುಂಬಿಸಿಟ್ಟು, ನಿಮ್ಮಪ್ಪನ ಖಾಕಿ ಅಂಗಿ ಒಗೆದು ಹರವಿ, ದೇವರ ಮುಂದೆ ದೀಪ ಹಚ್ಚಿ ಈಗ ಕೂತಿದ್ದೇನೆ. ಹೊಟ್ಟೆ ಖಾಲಿ ಇದ್ದ ದಿನ ಮನಸ್ಸು ಒಂದು ಕಡೆ ನಿಲ್ಲುತ್ತದೆ ಅಂತ ನಮ್ಮಮ್ಮ ಹೇಳುತ್ತಿದ್ದಳು. ನನ್ನದು ನಿಲ್ಲುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲ ತನಕ ಹೋಗಿ ಬರುತ್ತೇನೆ, ಮತ್ತೆ ಕೂರುತ್ತೇನೆ.

ವಿಷಯ ಇಷ್ಟು. ನಿನ್ನ ಹೊಸ ಗ್ಯಾಸ್ ಇಂಜಿನ್ ಹಾಕಿದ ನಾಲ್ಕು ಲಾರಿ ಶನಿವಾರ ಡಿಪೋಗೆ ಬಂದವು. ಮೊದಲನೆಯದನ್ನು ನಿಮ್ಮಪ್ಪನ ಕೈಗೆ ಕೊಟ್ಟಿದ್ದಾರೆ. ಇದು ನಿನಗೆ ಮೊದಲೇ ಗೊತ್ತಿತ್ತೋ ಏನೋ. ಗೊತ್ತಿದ್ದೂ ಹೇಳದಿದ್ದರೆ ಅದಕ್ಕೆ ನಿನ್ನದೇ ಕಾರಣ ಇದ್ದೀತು, ನಾನು ಕೇಳುವುದಿಲ್ಲ. ಡಿಪೋ ಮೇಸ್ತ್ರಿ ಹೇಳಿದರಂತೆ, "ಮೂವತ್ತು ವರ್ಷ ಆ ಬೆಟ್ಟ ಹತ್ತಿದೋರು ಇವರೊಬ್ರೇ, ಇವರಿಗೇ ಕೊಡಿ" ಅಂತ.

ಇವರು ಮನೆಗೆ ಬಂದಾಗ ಕೇಳಿದೆ, "ಹೇಗಿದೆ ರೀ ಮಗಳ ಲಾರಿ?"

"ಲಾರಿ ಥರಾನೇ ಇದೆ" ಅಂದರು. ಆಮೇಲೆ ಕೈ ತೊಳೆಯುತ್ತಾ ಯಾರಿಗೂ ಅಲ್ಲದ ಹಾಗೆ, "ಸದ್ದು ಕಮ್ಮಿ. ಹೊಗೆ ಇಲ್ಲ" ಅಂದರು. ಅಷ್ಟು ಹೇಳಿದ್ದೇ ದೊಡ್ಡದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮನೆಗಿರುವುದು ಇವರ ಫೋನು ಒಂದೇ, ಅದು ಹಗಲೆಲ್ಲಾ ಲಾರಿಯಲ್ಲಿರುತ್ತದೆ. ನಿನ್ನದು ಹಗಲೆಲ್ಲಾ ನಿಮ್ಮ ಇಂಜಿನ್ ಕಾರ್ಖಾನೆಯ ಗೇಟಿನ ಕಾವಲುಗಾರನ ಕಪಾಟಿನಲ್ಲಿರುತ್ತದೆ. ಸಂಜೆ ಇವರು ನಂಬರು ಒತ್ತಿ ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ಕೂರುತ್ತಾರೆ. ನೀನು ಆ ಕಡೆಯಿಂದ "ಹ್ಞೂ ಅಮ್ಮ, ಹ್ಞೂ ಅಮ್ಮ" ಅನ್ನುತ್ತೀಯ. ನಾನು ಇಬ್ಬರ ಮಧ್ಯೆ ಏನು ಮಾತಾಡಲಿ. ಕಾಗದವೇ ವಾಸಿ. ಲಾರಿ ದಿನಾ ಬೆಟ್ಟದಾಚೆ ಕಬ್ಬಿಣದ ಸುರುಳಿ ಇಳಿಸಿ, ನಿಮ್ಮ ಗೇಟಿಗೆ ಬಂದು, ಇಂಜಿನ್ನಿನ ನಡೆಯನ್ನೆಲ್ಲಾ ಬರೆದಿಟ್ಟುಕೊಳ್ಳುವ ಆ ಪೆಟ್ಟಿಗೆಯನ್ನು ತೋರಿಸಿಯೇ ವಾಪಸು ಬರಬೇಕಂತಲ್ಲ. ಅದರ ಜೊತೆ ಇದೂ ಬರಲಿ.

ಎರಡು ವರ್ಷದ ಹಿಂದೆ ಊಟದ ಹೊತ್ತಿನಲ್ಲಿ ಆಡಿದ ಮಾತನ್ನು ನಾನು ಮತ್ತೆ ತೆಗೆಯುವುದಿಲ್ಲ. "ನಿಮ್ಮ ಕಿವಿ ನಂಬ್ಕೊಂಡು ಇಂಜಿನ್ ಮಾಡೋಕಾಗಲ್ಲ ಅಪ್ಪ" ಅಂದದ್ದು ನೀನು. ತಟ್ಟೆ ಬಿಟ್ಟು ಎದ್ದದ್ದು ಅವರು. ಇಬ್ಬರದ್ದೂ ಒಂದೇ ಹಟ, ನಾನು ಯಾರ ಪರ ಹೇಳಿದರೂ ಇನ್ನೊಬ್ಬರಿಗೆ ದೂರು.

ನಿನ್ನೆ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಡಿಪೋಗೆ ಹೋಗಿದ್ದೆ. ನಾಲ್ವರು ಡ್ರೈವರುಗಳಿಗೂ ಕೈ ಮುಗಿದು ಹೇಳಿದೆ, "ನನ್ನ ಮಗಳ ಇಂಜಿನ್ನು ಕಣ್ರಪ್ಪಾ, ಜೋಪಾನ." ಎರಡನೇ ಲಾರಿ ಓಡಿಸುವವನು ನಮ್ಮ ಮೀಸೆ. ಮೀಸೆ ಬೋಳಿಸಿ ಹತ್ತು ವರ್ಷವಾದರೂ ಹೆಸರು ಮಾತ್ರ ಹೋಗಿಲ್ಲ. "ಅತ್ತಿಗೆ, ನಿಮ್ಮ ಮಗಳು ಅಂದ್ರೆ ಡಿಪೋ ಮಗಳು. ಮೊಟ್ಟೆ ಬುಟ್ಟಿ ಹೊತ್ತ ಹಾಗೆ ಹೊತ್ಕೊಂಡು ಹೋಗ್ತೀವಿ" ಅಂದ. ನನಗೆ ಸಮಾಧಾನವಾಯಿತು.

ಆ ಇಂಜಿನ್ನಿನಲ್ಲಿ ನೀನು ಮಾಡಿರುವುದೇನು ಅಂತ ಏಳನೇ ಕ್ಲಾಸು ಓದಿದವಳಿಗೆ ತಿಳಿಯುವ ಹಾಗೆ ಬರೆ. ಯಾರಿಗಾಗಿ ಬೇಡುತ್ತಿದ್ದೇನೆ ಅಂತಷ್ಟೇ ಅಲ್ಲ, ಏನು ಬೇಡುತ್ತಿದ್ದೇನೆ ಅಂತಲೂ ನನಗೆ ಗೊತ್ತಿರಬೇಕು.

ದೇವರು ನಿನ್ನ ಬೆನ್ನಿಗಿರಲಿ.
ಅಮ್ಮ

*

ಫೆಬ್ರವರಿ 19

ಅಮ್ಮ,

ಕಾಗದ ಸಿಕ್ಕಿತು. ಸಲೀಸಾಗಿ ಹೇಳಲು ನೋಡುತ್ತೇನೆ.

ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಗಟ್ಟಿಯಾಗಿ ಅಮುಕುತ್ತಾರೆ. ಅಮುಕಿದ ಶಾಖಕ್ಕೇ ಎಣ್ಣೆ ಹತ್ತಿಕೊಳ್ಳುತ್ತದೆ. ನಮ್ಮದು ಗ್ಯಾಸು. ಗಾಳಿಯ ಜೊತೆ ಬೆರೆತು ಒಳಗೆ ಹೋಗುತ್ತದೆ, ಕಿಡಿ ಕೊಟ್ಟು ಹೊತ್ತಿಸಬೇಕು. ಮಸಿ ಇಲ್ಲ, ವಾಸನೆ ಇಲ್ಲ. ಆದರೆ ಭಾರದ ಲಾರಿಗೆ ಹಾಕಿದರೆ ಏರಿನಲ್ಲಿ ಡೀಸೆಲ್ಲಿನಷ್ಟು ಎಳೆಯುವುದಿಲ್ಲ, ಗ್ಯಾಸೂ ಬಹಳ ಕುಡಿಯುತ್ತದೆ. ಅದನ್ನು ಸರಿಮಾಡುವುದೇ ನಮ್ಮ ಎರಡು ವರ್ಷದ ಕೆಲಸ. ಮೊದಲು ಹನ್ನೊಂದು ಪಾಲು ಜಾಗದಲ್ಲಿದ್ದ ಗಾಳಿ-ಗ್ಯಾಸನ್ನು ಒಂದು ಪಾಲು ಜಾಗಕ್ಕೆ ಅಮುಕುತ್ತಿದ್ದರು. ನಾವು ಹದಿಮೂರು ಪಾಲನ್ನು ಅಮುಕಿದ್ದೇವೆ. ಅಷ್ಟೇ ಗ್ಯಾಸಿಗೆ ಎಳೆತ ಜಾಸ್ತಿಯಾಯಿತು.

ಅದರಲ್ಲಿ ಒಂದು ಭಯ ಇದೆ. ಗಟ್ಟಿಯಾಗಿ ಅಮುಕಿದಾಗ, ಕಿಡಿ ಹಚ್ಚಿದ ಬೆಂಕಿ ಬಂದು ತಲುಪುವ ಮೊದಲೇ ಮೂಲೆಯಲ್ಲಿರುವ ಗ್ಯಾಸು ತಾನಾಗಿ ಸಿಡಿಯಬಹುದು. ಆಗ ಇಂಜಿನ್ ಬಡಿಯುತ್ತದೆ. ಲೋಡು ತುಂಬಿದ ಲಾರಿ ದೊಡ್ಡ ಗೇರಿನಲ್ಲಿ ನಿಧಾನವಾಗಿ ಏರು ಹತ್ತುವಾಗ ಅದು ಹೆಚ್ಚು. ಬಡಿತ ಮುಂದುವರಿದರೆ ಪಿಸ್ಟನ್ನೇ ಹೋಗುತ್ತದೆ. ಇದಕ್ಕೆ ಮದ್ದು ಇಲ್ಲದಿಲ್ಲ. ಇಂಜಿನ್ ಉಗುಳಿದ, ಕಣ್ಣಿಗೆ ಕಾಣದ ಹೊಗೆಯಲ್ಲಿ ಸ್ವಲ್ಪವನ್ನು ತಣ್ಣಗೆ ಮಾಡಿ ಮತ್ತೆ ಒಳಗೆ ಬಿಟ್ಟರೆ ಬೆಂಕಿಯ ಆತುರ ತಗ್ಗುತ್ತದೆ. ಆದರೆ ಆ ಏರ್ಪಾಡಿಗೆ ಇನ್ನೂ ಒಂದು ವರ್ಷ ಬೇಕು. ಅದು ಬೇಕೋ ಬೇಡವೋ ತೀರ್ಮಾನಿಸುವುದಕ್ಕೇ ಈ ನಾಲ್ಕು ಲಾರಿ. ಡ್ರೈವರುಗಳು ಎಂದಿನ ಹಾಗೆ ಓಡಿಸಬೇಕು, ಅಷ್ಟೇ. ಅದಕ್ಕೇ ಬಡಿತದ ವಿಷಯ ಯಾರಿಗೂ ಹೇಳಿಲ್ಲ. ನೀನೂ ಬಾಯಿ ಬಿಡಬೇಡ.

ಅಪ್ಪನಿಗೆ ಲಾರಿ ಕೊಡಿ ಎಂದದ್ದು ನಾನಲ್ಲ. ಬೇಡ ಎಂದೂ ಅನ್ನಲಿಲ್ಲ. ಮೊನ್ನೆ ಗೇಟಿನಲ್ಲಿ ಅವರನ್ನು ಮಹಡಿಯ ಕಿಟಕಿಯಿಂದ ನೋಡಿದೆ, ಲಾರಿಯ ಗಾಜು ಒರೆಸುತ್ತಿದ್ದರು. ನಾನು ಇಳಿದು ಬರುವಷ್ಟರಲ್ಲಿ ಹೊರಟುಹೋಗಿದ್ದರು. ನಾನು ನಿಧಾನವಾಗಿಯೇ ಇಳಿದೆ ಅನ್ನಿಸುತ್ತದೆ.

ಅವರು ಇಂಜಿನ್ ಬಗ್ಗೆ ಇನ್ನೇನಾದರೂ ಅಂದರೆ ಬರೆ. ನಾನು ಕೇಳಿದೆ ಅಂತ ಹೇಳಬೇಡ.

ನಿನ್ನ
ಚೂಟಿ

*

ಮಾರ್ಚ್ 17

ಚೂಟಿ,

ಓದಿದೆ, ಎರಡು ಸಲ ಓದಿದ ಮೇಲೆ ತಿಳಿಯಿತು. ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆಯನ್ನು ನೆನೆಸಿಕೊಂಡೆ. ಬಾಯಿ ಬಿಟ್ಟಿಲ್ಲ.

ನೀನು ಕೇಳಿದ್ದಕ್ಕೆ ಹೇಳಬೇಕಾದದ್ದು ಏನೂ ಇಲ್ಲ, ಅದೇ ನನಗೆ ತಳಮಳ. ಇವರು ಇಂಜಿನ್ ಬಗ್ಗೆ ಒಂದು ಮಾತೂ ಆಡುತ್ತಿಲ್ಲ. ಹಳೇ ಲಾರಿಯಿದ್ದಾಗ ಊಟಕ್ಕೆ ಕೂತರೆ ಅದರದ್ದೇ ಪುರಾಣ. ಕ್ಲಚ್ಚು ಹೀಗೆ, ಬ್ರೇಕು ಹಾಗೆ, ಬೆಲ್ಟು ಕೀಚು ಕೀಚು. ಈಗ ಬಾಯಿಗೆ ಬೀಗ. ದಿನಾ ಅರ್ಧ ಗಂಟೆ ಮುಂಚೆ ಹೋಗುತ್ತಾರೆ, ಇಂಜಿನ್ ಚಾಲೂ ಮಾಡಿ ಪಕ್ಕದಲ್ಲಿ ತಲೆ ಬಾಗಿಸಿ ನಿಲ್ಲುತ್ತಾರಂತೆ. ಲಾರಿಯ ದಿನಚರಿ ಪುಸ್ತಕದಲ್ಲಿ ದಿನಾ ಎರಡೇ ಶಬ್ದ, "ಸರಿ ಇದೆ."

ಎಂದಿನ ಹಾಗೇ ಓಡಿಸಬೇಕಂತೆ ಅಂತ ನಾನು ಹೇಳಿದೆ. "ನಾನು ಯಾವತ್ತು ಬೇರೆ ಥರ ಓಡ್ಸಿದೀನಿ?" ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇನ್ನೊಂದು. ಹಳೇ ಲಾರಿಯಲ್ಲಿ ಐದು ಗಂಟೆಗೆ ಮನೆಯಲ್ಲಿರುತ್ತಿದ್ದವರು ಈಗ ಐದೂ ಮುಕ್ಕಾಲು, ಆರು. ಯಾಕೆ ಅಂದರೆ "ಗ್ಯಾಸ್ ಬಂಕಲ್ಲಿ ಸಾಲು" ಅನ್ನುತ್ತಾರೆ. ಮೀಸೆಯನ್ನು ಕೇಳಿದೆ. ಅವನಿಗೆ ಇವರು ಏನು ಹೇಳಿದ್ದಾರೆ ಅಂತ ಗೊತ್ತಿರಲಿಲ್ಲ, "ಸಾಲು ಎಲ್ಲಿ ಅತ್ತಿಗೆ, ಈ ರಸ್ತೇಲಿ ಗ್ಯಾಸ್ ಲಾರಿ ಇರೋದೇ ನಾವು ನಾಲ್ಕು" ಅಂದುಬಿಟ್ಟ. ಆಮೇಲೆ ಕೆಮ್ಮಿ, "ಸಾಲು ಒಂದೊಂದು ದಿನ ಇರುತ್ತೆ" ಅಂದ. ನಾನು ಡಿಪೋಗೆ ಹೋದರೆ ನಾಲ್ವರೂ ಮಾತು ನಿಲ್ಲಿಸಿ ಚಹಾ ಚೆನ್ನಾಗಿದೆ ಅನ್ನುತ್ತಾರೆ, ಇನ್ನೂ ಫ್ಲಾಸ್ಕು ತೆರೆದಿರುವುದಿಲ್ಲ.

ಜಪಕ್ಕೆ ಕೂತರೆ ಎಣಿಕೆ ತಪ್ಪುತ್ತಿದೆ. ಮೂವತ್ತಾದ ಮೇಲೆ ಮತ್ತೆ ಇಪ್ಪತ್ತಕ್ಕೆ ಬರುತ್ತೇನೆ. ದೇವರಿಗೂ ಬೇಜಾರಾಗಿರಬೇಕು.

ನೀನು ಸರಿಯಾಗಿ ಉಣ್ಣು, ನಿದ್ದೆ ಮಾಡು.
ಅಮ್ಮ

*

ಏಪ್ರಿಲ್ 14

ಅಮ್ಮ,

ಒಳ್ಳೆಯ ಸುದ್ದಿ. ನಿನಗೇ ಮೊದಲು ಬರೆಯುತ್ತಿದ್ದೇನೆ.

ಎರಡು ತಿಂಗಳಿಗೂ ಮೇಲೆ ನಾಲ್ಕು ಪೆಟ್ಟಿಗೆಗಳಲ್ಲಿ ಬಂದದ್ದನ್ನೆಲ್ಲ ಕೂಡಿಸಿ ನೋಡಿದೆವು. ನಾವು ಹೆದರಿದ್ದ ಆ ನಡೆ, ದೊಡ್ಡ ಗೇರಿನಲ್ಲಿ ಏರು ಹತ್ತುವುದು, ಅದನ್ನು ಯಾವ ಡ್ರೈವರೂ ಮಾಡುವುದೇ ಇಲ್ಲ. ನಾಲ್ವರೂ ಏರು ಶುರುವಾಗುವ ಮೊದಲೇ ತಾವಾಗಿ ಗೇರು ಇಳಿಸುತ್ತಾರೆ. ನಾವು ನಾಲ್ಕು ಗೋಡೆಯೊಳಗೆ ಕೂತು ಇಲ್ಲದ ಭೂತವನ್ನು ಕಲ್ಪಿಸಿಕೊಂಡಿದ್ದೆವು. ಹೊಗೆ ತಣಿಸುವ ಆ ಏರ್ಪಾಡು ಬೇಕಾಗಿಲ್ಲ ಎಂದು ವರದಿ ಬರೆಯುತ್ತಿದ್ದೇನೆ. ಒಂದು ವರ್ಷ ಉಳಿಯಿತು.

ಮೇ ಹತ್ತಕ್ಕೆ ಸಹಿ. ಮೊದಲ ಸಹಿ ನನ್ನದು. ಸಹಿಯಾದರೆ ಎಂಬತ್ತು ಲಾರಿಗಳಿಗೆ ಇದೇ ಇಂಜಿನ್. ನಮ್ಮ ಕಾರ್ಖಾನೆಯ ದೊಡ್ಡವರು ಎಲ್ಲರೆದುರು "ಇದು ಈ ಹುಡುಗಿಯ ಇಂಜಿನ್" ಎಂದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅಪ್ಪನಿಗೆ ಹೇಳಬೇಕು ಅನ್ನಿಸುತ್ತಿದೆ. ನೀನೇ ಹೇಳಿಬಿಡು. ಇಲ್ಲ, ಹೇಳಬೇಡ, ಸಹಿಯಾದ ಮೇಲೆ ನಾನೇ ಬಂದು ಹೇಳುತ್ತೇನೆ.

ಹತ್ತರ ತನಕ ತಲೆ ಎತ್ತಲೂ ಬಿಡುವಿಲ್ಲ. ಸಂಜೆ ಫೋನ್ ತೆಗೆಯದಿದ್ದರೆ ಗಾಬರಿಯಾಗಬೇಡ.

ಚೂಟಿ

*

ಏಪ್ರಿಲ್ 24

ಚೂಟಿ,

ನಿನ್ನ ಕಾಗದ ಓದಿ ದೇವರಿಗೆ ಅಡ್ಡಬಿದ್ದೆ. ಆ ಸಂತೋಷ ಎಂಟು ದಿನ ಇತ್ತು. ನಿನ್ನೆ ಹೋಯಿತು. ಇದನ್ನು ನಿಧಾನವಾಗಿ ಓದು, ಕೂತುಕೊಂಡು ಓದು.

ಕಣ್ಣು ತೋರಿಸಬೇಕಿತ್ತು. ಆಸ್ಪತ್ರೆ ಬೆಟ್ಟದಾಚೆ. ಮೇಸ್ತ್ರಿಗೆ ಹೇಳಿ ಇವರ ಲಾರಿಯಲ್ಲೇ ಹತ್ತಿದೆ. ಇಪ್ಪತ್ತು ವರ್ಷದ ಮೇಲೆ ಕ್ಯಾಬಿನ್ನಿನಲ್ಲಿ ಕೂತದ್ದು. ಮದುವೆಯಾದ ಹೊಸದರಲ್ಲಿ ಎಷ್ಟು ಸಲ ಕೂತಿದ್ದೇನೋ ಲೆಕ್ಕವಿಲ್ಲ. ನಿಮ್ಮಪ್ಪ ಆ ಏರು ಹತ್ತುವ ರೀತಿ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಟಾಪ್ ಗೇರಿನಲ್ಲಿ ಹೊರಟರೆ ಲಾರಿ ಅಳುವ ತನಕ ಇಳಿಸುತ್ತಿರಲಿಲ್ಲ. ಸ್ಟೇರಿಂಗು ನಡುಗಿ, ನನ್ನ ಹಲ್ಲು ಒಂದಕ್ಕೊಂದು ಬಡಿದ ಮೇಲೆಯೇ ಕ್ಲಚ್ಚಿಗೆ ಕಾಲು. "ಇಳಿಸ್ರೀ" ಅಂದರೆ, "ಏರು ನನ್ನದು, ಗೇರು ನನ್ನದು, ನೀನು ಕಂಬಿ ಹಿಡ್ಕೋ" ಅನ್ನುತ್ತಿದ್ದರು. ಇವರೊಬ್ಬರೇ ಅಲ್ಲ, ಈ ರಸ್ತೆಯ ಡ್ರೈವರುಗಳಲ್ಲಿ ಅದೊಂದು ಪಂಥ. ಮೂರನೇ ತಿರುವಿನ ತನಕ ಗೇರು ಇಳಿಸದೆ ಹೋದವನೇ ಡ್ರೈವರು. ಅದಕ್ಕೆ ಮೊದಲೇ ಇಳಿಸಿದವನಿಗೆ ಡಿಪೋದಲ್ಲಿ ಒಂದು ವಾರ ಗೇಲಿ.

ನಿನ್ನೆ ಮೊದಲನೇ ತಿರುವು ಕಣ್ಣಿಗೆ ಬೀಳುವ ಮೊದಲೇ ಇವರು ಎರಡು ಗೇರು ಇಳಿಸಿದರು.

"ಇದೇನ್ರೀ, ಇಷ್ಟು ಬೇಗ?"

"ಸುಮ್ನೆ ಕೂತ್ಕೋ."

"ಹಳೇ ಲಾರೀಲಿ ಹಿಂಗೆ ಮಾಡ್ತಿರ್ಲಿಲ್ಲ."

"ಹಳೇ ಲಾರಿ ಕಂಪನೀದು. ಇದು ನಿನ್ನ ಮಗಳದು."

ಬಿಡಿಸಿ ಬಿಡಿಸಿ ಕೇಳಿದೆ. ಲಾರಿ ಆಮೆಯ ಹಾಗೆ ಹತ್ತುತ್ತಿತ್ತು, ಮಾತಾಡಲು ಹೊತ್ತು ಬೇಕಾದಷ್ಟಿತ್ತು. ಮೊದಲನೇ ದಿನವೇ ಮೂರನೇ ತಿರುವಿನಲ್ಲಿ ಇವರಿಗೆ ಕೇಳಿಸಿತಂತೆ. ತಗಡಿನ ಡಬ್ಬಿಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಒಂದು ಸದ್ದು, ಎರಡೇ ಸೆಕೆಂಡು. ತಕ್ಷಣ ಕಾಲು ಎತ್ತಿದರಂತೆ. ಆ ಸಂಜೆಯೇ ಉಳಿದ ಮೂವರನ್ನು ಕೂರಿಸಿಕೊಂಡು ಹೇಳಿದರಂತೆ, "ಇಂಜಿನ್ ಒಳ್ಳೇದು, ಏರಲ್ಲಿ ಮಾತ್ರ ಎಳೇ ಮಗು. ಯಾರೂ ಬಿಗಿಯಾಗಿ ಹತ್ತಿಸ್ಬೇಡಿ. ಹುಡುಗಿಗೆ ಕೆಟ್ಟ ಹೆಸರು ಬರಬಾರದು." ಮೂವರೂ ಒಪ್ಪಿದರಂತೆ. ಮೂರನೇ ತಿರುವಿನ ಪಂಥ ಕಟ್ಟುವವರು, ಎರಡು ತಿಂಗಳಿಂದ ಬೇರೆ ಲಾರಿಯವರ ಗೇಲಿ ತಿಂದುಕೊಂಡು, ಚಿಕ್ಕ ಗೇರಿನಲ್ಲಿ ಹತ್ತುತ್ತಿದ್ದಾರೆ. ಮುಕ್ಕಾಲು ಗಂಟೆ ತಡವಾಗುವುದು ಅದಕ್ಕೇ.

ನಿನ್ನ ಪೆಟ್ಟಿಗೆಗಳು ಬರೆದದ್ದು ನಿಜವೇ. ಅವು ನೋಡಿದ್ದು ಮಾತ್ರ ನಿಜವಲ್ಲ.

ಇವರನ್ನು ಬೈಯಬೇಡ. ಅಥವಾ ಬೈ, ಆದರೆ ನನ್ನನ್ನೂ ಸೇರಿಸಿ ಬೈ. ಚಹಾ ಕೊಟ್ಟು "ಜೋಪಾನ" ಅಂದವಳು ನಾನು. ಇವರು ಆ ಮಾತು ಹೇಳುವ ಮೊದಲೇ ನಾನು ಹೇಳಿದ್ದೆ.

ಇಡೀ ಹಗಲು ಒಳಗೂ ಹೊರಗೂ ಓಡಾಡಿದೆ. ಹೇಳದೆ ಇದ್ದರೆ ನೀನು ಸಹಿ ಹಾಕುತ್ತೀಯ, ಹೆಸರು ಬರುತ್ತದೆ, ಇವರೂ ನೀನೂ ಮಾತಾಡುತ್ತೀರಿ. ಎರಡು ವರ್ಷದಿಂದ ನಾನು ಉಪವಾಸ ಮಾಡಿ ಬೇಡಿದ್ದು ಅದನ್ನೇ. ಆದರೆ ಆ ಎಂಬತ್ತು ಲಾರಿ ಓಡಿಸುವವರಿಗೆ ನೀನು ಯಾರ ಮಗಳೂ ಅಲ್ಲ. ಅವರು ಟಾಪ್ ಗೇರಿನಲ್ಲೇ ಹತ್ತಿಸುತ್ತಾರೆ. ನಲವತ್ತು ಟನ್ ಹೊತ್ತ ಲಾರಿ ತಿರುವಿನಲ್ಲಿ ಸತ್ತು ನಿಂತರೆ, ಹಿಂದೆ ಬಸ್ಸು ಬರುತ್ತಿದ್ದರೆ, ಅದರಲ್ಲಿ ಯಾರಿರುತ್ತಾರೋ. ಇಂಥದ್ದನ್ನು ಗೊತ್ತಿದ್ದೂ ಮುಚ್ಚಿಟ್ಟು ದೇವರ ಮುಂದೆ ಯಾವ ಮುಖ ಹೊತ್ತು ಕೂರಲಿ. ಅದಕ್ಕೇ ಬರೆದೆ.

ಈ ಕಾಗದವನ್ನು ಹಿಟ್ಟಿನ ಗೋಂದು ಹಾಕಿ ಅಂಟಿಸಿ ಇವರ ಕೈಗೇ ಕೊಡುತ್ತಿದ್ದೇನೆ. ಒಳಗೇನಿದೆ ಅಂತ ಹೇಳುವ ಧೈರ್ಯ ಬರಲಿಲ್ಲ. ಓದಿದ ಕೂಡಲೇ ಒಂದು ಸಾಲಾದರೂ ಬರೆ.

ಅಮ್ಮ

*

ಮೇ 4

ಚೂಟಿ,

ಇದರೊಳಗೆ ಇನ್ನೊಂದು ಕಾಗದ ಇದೆ. ತಾರೀಖು ನೋಡು. ಮೊದಲು ಅದನ್ನು ಓದಿ ಆಮೇಲೆ ಇದಕ್ಕೆ ಬಾ.

ಹತ್ತು ದಿನ ನಿನ್ನ ಉತ್ತರಕ್ಕೆ ಕಾದೆ. ನಿನಗೆ ಸಿಟ್ಟು ಬಂದಿರಬೇಕು ಅಂದುಕೊಂಡೆ. ಫೋನು ನೀನು ತೆಗೆಯುತ್ತಿಲ್ಲ. ತೆಗೆದರೂ ಇವರು ಪಕ್ಕದಲ್ಲೇ ಕೂತಿರುವಾಗ ಏನು ಹೇಳಲಿ. ಇವತ್ತು ಬೆಳಿಗ್ಗೆ ಇವರ ಇನ್ನೊಂದು ಖಾಕಿ ಅಂಗಿ ಒಗೆಯಲು ತೆಗೆದೆ. ಎದೆಯ ಜೇಬಿನೊಳಗೆ ಕಾಗದ. ಅಂಟು ಹಾಗೇ ಇದೆ, ಬೆವರಿಗೆ ಅಂಚು ಹಳದಿಯಾಗಿದೆ.

ಅಂಗಿ ಅಲ್ಲೇ ಬಿಟ್ಟು ಒಳಗೆ ಹೋದೆ. ಇವರು ಬೂಟು ಹಾಕಿಕೊಳ್ಳುತ್ತಿದ್ದರು.

"ಯಾಕ್ರೀ ಕೊಡ್ಲಿಲ್ಲ?"

"ಮರೆತೆ."

"ಹತ್ತು ದಿನ ಮರೆತ್ರಾ?"

ಬೂಟಿನ ದಾರ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. "ಅದರಲ್ಲಿ ಏನಿದೆ ಅಂತ ಗೊತ್ತು. ಓದ್ಬೇಕಾಗಿಲ್ಲ. ಅವತ್ತು ಕ್ಯಾಬಿನ್ನಲ್ಲಿ ನಿನ್ನ ಮುಖ ನೋಡ್ದೆನಲ್ಲ."

"ಹಾಗಿದ್ರೆ ಹರಿದು ಬಿಸಾಕ್ಬಹುದಿತ್ತು."

"ಹರಿಯೋಕೂ ಆಗ್ಲಿಲ್ಲ, ಕೊಡೋಕೂ ಆಗ್ಲಿಲ್ಲ. ಗೇಟಿನ ತನಕ ದಿನಾ ತಗೊಂಡು ಹೋಗ್ತಿದ್ದೆ."

"ಹತ್ತಕ್ಕೆ ಸಹಿ ಹಾಕ್ತಾಳೆ ರೀ."

"ಹಾಕ್ಲಿ. ಅವಳ ಹೆಸರು ಯಾಕೆ ಕೆಡಿಸ್ತೀಯ?"

"ಆ ಏರಲ್ಲಿ ಯಾರಾದ್ರೂ ಸತ್ರೆ ಯಾರ ಹೆಸರು ಕೆಡುತ್ತೆ?"

ಇವರು ಎದ್ದು ಹೊರಗೆ ಹೋದರು. ನಾನು ಕಾಗದ ಹಿಡಿದು ಹಿಂದೆಯೇ ಡಿಪೋಗೆ ಹೋದದ್ದನ್ನು ನೋಡಿದರು, ತಡೆಯಲಿಲ್ಲ. ಲಾರಿಯ ಆ ಬದಿಗೆ ಹೋಗಿ ಟೈರಿಗೆ ಒದೆಯುತ್ತಾ ನಿಂತರು.

ಡಿಪೋದ ಬೆಂಚಿನ ಮೇಲೆಯೇ ಕೂತು ಈ ಸಾಲು ಬರೆದು ಮೀಸೆಯ ಕೈಗೆ ಕೊಡುತ್ತಿದ್ದೇನೆ. ಅವನಿಗೂ ಇರುಸುಮುರುಸು. "ಅತ್ತಿಗೆ, ಇದನ್ನ ಕೊಟ್ರೆ ನಿಮ್ಮ ಯಜಮಾನ್ರು ನನ್ನ ಮಾತಾಡ್ಸಲ್ಲ" ಅನ್ನುತ್ತಾನೆ. "ನಿಮ್ಮನ್ನ ಮಾತಾಡಿಸ್ದೆ ಅವರಿಗೆ ಹೊತ್ತು ಹೋಗಲ್ಲ, ಹೋಗಿ" ಅಂದೆ.

ಇನ್ನು ಆರು ದಿನ ಇದೆ ಮಗಳೇ.
ಅಮ್ಮ

*

ಮೇ 11

ಅಮ್ಮ,

ಎರಡೂ ಸಿಕ್ಕವು. ಸಹಿ ಹಾಕಲಿಲ್ಲ.

ಮೊದಲ ದಿನದ ಆ ಎರಡು ಸೆಕೆಂಡು ಪೆಟ್ಟಿಗೆಯಲ್ಲಿ ಇದೆ. ಆಗಲೇ ನೋಡಿದ್ದೆ. ಹೊಸ ಲಾರಿಯ ಅಲುಗಾಟವಿರಬೇಕು ಎಂದು ಬದಿಗಿಟ್ಟವಳು ನಾನೇ.

ದೊಡ್ಡವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮುಂದಿನ ಸುತ್ತು ಬೇರೆಯವರು ನೋಡಿಕೊಳ್ಳಲಿ, ನೀವು ಜೊತೆಗಿರಿ" ಎಂದರು. ಆಯಿತು ಎಂದೆ.

ನಾಲ್ಕು ಲಾರಿಗಳೂ ಹದಿನೆಂಟರಿಂದ ಮತ್ತೆ ಓಡಬೇಕು. ಪೂರ್ತಿ ಲೋಡು, ಟಾಪ್ ಗೇರು, ನಿಮ್ಮ ಆ ಮೂರನೇ ತಿರುವಿನ ತನಕ ಇಳಿಸದೆ. ಇಂಜಿನ್ ಹೋದರೆ ಹೋಗಲಿ, ಹೋಗಬೇಕಾದ ಕಡೆಯೇ ಹೋಗಲಿ. ಹಿಂದೆ ಒಂದು ಕಾವಲು ಗಾಡಿ ಬರುತ್ತದೆ, ಆ ಹೊತ್ತಿನಲ್ಲಿ ರಸ್ತೆಗೆ ಬೇರೆ ಯಾರನ್ನೂ ಬಿಡುವುದಿಲ್ಲ.

ಅಪ್ಪನಿಗೆ ನೀನೇ ಹೇಳು. ನನಗೆ ಈಗ ಅವರಿಗೆ ಹೇಳಲು ಬಾಯಿ ಬರುವುದಿಲ್ಲ. ನೀವೆಲ್ಲ ಸೇರಿ ನನ್ನನ್ನು ಎಷ್ಟು ಜೋಪಾನ ಮಾಡಿದಿರಿ ಎಂದು ನೆನೆದರೆ ಅಳು ಬರುತ್ತದೆ, ಅದರ ಹಿಂದೆಯೇ ಕೋಪ ಬರುತ್ತದೆ. ನನಗೆ ಬೇಕಾಗಿದ್ದದ್ದು ಡ್ರೈವರುಗಳು.

ಚೂಟಿ

*

ಮೇ 28

ಚೂಟಿ,

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಮತ್ತೊಂದು ಸಲ ಓದು ಅಂದರು. ಕಡೆಯ ಸಾಲನ್ನು ಬಿಟ್ಟು ಓದೋಣ ಅಂದುಕೊಂಡೆ, ಬಿಡಲಿಲ್ಲ. ಮುಚ್ಚುಮರೆ ಸಾಕಾಗಿದೆ.

"ಅವಳೇ ಕಟ್ಟಿದ್ದನ್ನ ನಾನು ಒಡೀಬೇಕಾ?" ಅಂದರು.

"ಅವಳೇ ಕೇಳ್ತಿದಾಳಲ್ಲ ರೀ."

"ಕೇಳ್ತಾಳೆ. ಅವಳಿಗೇನು."

ಆ ಒಂದು ವಾರ ಇವರು ಮನೆಯೊಳಗೆ ಒಂದು ಕಡೆ ಕೂರಲಿಲ್ಲ. ಚಹಾದ ಲೋಟ ಹಿಡಿದು ಹಿತ್ತಲಿಗೆ, ಹಿತ್ತಲಿಂದ ಬೀದಿಗೆ. ಆರಿದ ಚಹಾ ಗಿಡದ ಬುಡಕ್ಕೆ. ಹದಿನೇಳನೇ ತಾರೀಖು ಉಳಿದ ಮೂವರನ್ನು ಕರೆದು, "ನಾಳೆಯಿಂದ ನಮ್ಮ ಥರ ಹತ್ಸಿ" ಅಂದರಂತೆ. ಮೀಸೆ, "ಎಂಥದಣ್ಣ ಇದು, ಮಗು ಮಲಗಿಸ್ದೋರೂ ನೀವೇ, ಎಬ್ಬಿಸ್ತಿರೋರೂ ನೀವೇ" ಅಂದನಂತೆ. ಇವರು ನಗಲಿಲ್ಲವಂತೆ.

ಮೊದಲ ಮೂರು ದಿನ ಬಡಿಯಿತು, ತಡೆದುಕೊಂಡಿತು. ಇವರು ಮನೆಗೆ ಬಂದು ಕಿವಿಗೆ ಕೈ ಇಟ್ಟುಕೊಂಡು ಕೂರುತ್ತಿದ್ದರು. ನಾಲ್ಕನೇ ದಿನ ಎರಡನೇ ತಿರುವಿನಿಂದಲೇ ಶುರುವಾಯಿತಂತೆ. ಇವರು ಕಾಲು ಎತ್ತಲಿಲ್ಲ. ಮೂವತ್ತು ವರ್ಷದಲ್ಲಿ ಇಂಜಿನ್ ಅಳುವಾಗ ಕಾಲು ಎತ್ತದೆ ಕೂತದ್ದು ಅದೇ ಮೊದಲು ಅಂದರು. ಮೂರನೇ ತಿರುವಿನ ಮಧ್ಯೆ ಒಂದು ಏಟು, ಬಿಳೀ ಹೊಗೆ, ಎಳೆತ ಸತ್ತುಹೋಯಿತು. ಬ್ರೇಕು ಹಿಡಿದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದರು. ಕಾವಲು ಗಾಡಿಯವರು ಬಂದು ಎಳೆದುಕೊಂಡು ಹೋದರು. ಇವರನ್ನು ಮೀಸೆ ಮನೆಗೆ ತಂದು ಬಿಟ್ಟ. ಬಾಗಿಲಲ್ಲೇ ಕೂತರು. ಮಗುವಿಗೆ ಹೊಡೆದು ಬಂದವರ ಮುಖ ಹೇಗಿರುತ್ತದೆ, ಹಾಗಿತ್ತು. ಊಟ ಬೇಡ ಅಂದರು. ನಾನೂ ಉಣ್ಣಲಿಲ್ಲ, ಅವತ್ತು ನನ್ನ ಉಪವಾಸದ ದಿನವಲ್ಲ.

ಮಾರನೆಯ ದಿನ ದಿನಚರಿ ಪುಸ್ತಕ ಮನೆಗೇ ತಂದುಕೊಂಡು ಬರೆಯಲು ಕೂತರು. "ಸರಿ ಇದೆ" ಅಂತ ಬರೆದಿದ್ದ ಹಾಳೆಗಳನ್ನು ಹರಿಯಲಿಲ್ಲ. ಅದರ ಮುಂದೆ ಆರು ಪುಟ ಬರೆದರು. ಯಾವ ಕಲ್ಲುಕಂಬದ ಹತ್ತಿರ ಸದ್ದು ಶುರುವಾಯಿತು, ಯಾವ ಗೇರು, ಬಿಸಿಲು ಹೇಗಿತ್ತು, ಎಲ್ಲಾ. ಕೆಳಗಿನ ಬಂಕಿನಲ್ಲಿ ಗ್ಯಾಸು ತುಂಬಿಸಿದ ದಿನ ಬಡಿತ ಬೇಗ ಬರುತ್ತದೆ, ಮೇಲಿನ ಬಂಕಿನದ್ದಕ್ಕೆ ತಡವಾಗಿ ಬರುತ್ತದೆ, ಎರಡೂ ಗ್ಯಾಸು ಒಂದೇ ಅಲ್ಲ ಅಂತಲೂ ಬರೆದಿದ್ದಾರೆ. ಇದು ನಿನ್ನ ಪೆಟ್ಟಿಗೆಗೆ ಗೊತ್ತಾಗುತ್ತದೋ ಇಲ್ಲವೋ ಅಂತ ನನ್ನನ್ನು ಕೇಳಿದರು. ನನಗೇನು ಗೊತ್ತು. ಪುಸ್ತಕ ಈ ಕಾಗದದ ಜೊತೆ ಇದೆ. ನಿಮ್ಮ ಈಗಿನ ಮುಂದಾಳಿಗೆ ಕೊಡು. ನೀನು ಓದಿದ ಮೇಲೆ ಕೊಡು.

ಪುಸ್ತಕದೊಳಗೆ ಒಂದು ಮಡಿಸಿದ ಚೀಟಿ ಇದೆ. ಅದು ಇವರು ನಿನಗೆ ಬರೆದದ್ದು. ನನಗೆ ತೋರಿಸಲಿಲ್ಲ, ಆದರೆ ಬರೆಯುವಾಗ ಒಂದೊಂದೇ ಶಬ್ದ ಬಾಯಲ್ಲಿ ಹೇಳಿಕೊಂಡು ಬರೆದರು, ಗೋಡೆಗೂ ಕೇಳಿಸಿತು. ಹೊಗೆ ತಣಿಸುವ ಭಾಗ ಹಾಕಿದ ಹೊಸ ಇಂಜಿನ್ ಬರುವಾಗ ಅದನ್ನು ಓಡಿಸಲು ಇವರನ್ನು ಹಾಕುತ್ತೀಯೋ, ಬೇರೆಯವರನ್ನು ಹಾಕುತ್ತೀಯೋ, ಅಷ್ಟೇ ಕೇಳಿದ್ದಾರೆ. ಬೇರೆಯವರಾದರೂ ಪರವಾಗಿಲ್ಲ ಅಂತ ಬರೆದರು, ಆಮೇಲೆ ಆ ಸಾಲನ್ನು ಪರಪರ ಗೀಚಿ ಹೊಡೆದುಹಾಕಿದ ಸದ್ದೂ ಕೇಳಿಸಿತು.

ನಾನು ಏನೂ ಹೇಳಿಕೊಡುವುದಿಲ್ಲ. ನಿನಗೆ ಬೇಡ ಅನ್ನಿಸಿದರೆ ಬೇಡ ಅಂತಲೇ ಬರೆ, ಸುಳ್ಳು ಸಮಾಧಾನ ಬೇಡ. ಬರೆಯದೆ ಮಾತ್ರ ಇರಬೇಡ.

ಅಮ್ಮ

*

ಜೂನ್ 3, ಸೋಮವಾರ

ಮೀಸೆಯಣ್ಣನವರಿಗೆ,

ಬೆಳಿಗ್ಗೆ ನೀವು ಹೊರಡುವ ಮೊದಲು ಸಿಗುತ್ತೀರೋ ಇಲ್ಲವೋ ಅಂತ ಈ ಚೀಟಿ ಮೇಸ್ತ್ರಿಯ ಕೈಯಲ್ಲಿ ಕೊಟ್ಟಿದ್ದೇನೆ.

ಆರು ದಿನವಾಯಿತು, ನನ್ನ ಮಗಳಿಂದ ಏನೂ ಬಂದಿಲ್ಲ. ಲಾರಿ ಇಲ್ಲದ ನಿಮ್ಮಣ್ಣ ದಿನಾ ಖಾಕಿ ಹಾಕಿಕೊಂಡು ಡಿಪೋಗೆ ಬಂದು ಬೆಂಚಿನ ಮೇಲೆ ಕೂರುವುದನ್ನು ನೀವೂ ನೋಡುತ್ತಿದ್ದೀರಿ. ನಿಮ್ಮ ಲಾರಿ ವಾಪಸು ಬರುವ ಹೊತ್ತಿಗೆ ಎದ್ದು ನಿಲ್ಲುತ್ತಾರೆ. ನೀವು ಬರೀ ಕೈಯಲ್ಲಿ ಇಳಿದರೆ, ಟೈರು ನೋಡುವುದಕ್ಕೇ ಎದ್ದವರ ಹಾಗೆ ಟೈರು ನೋಡುತ್ತಾರೆ. ನಾನೂ ಉಪ್ಪಿನ ಡಬ್ಬಿ ಎಲ್ಲಿಟ್ಟೆ ಅಂತ ಇವತ್ತು ಅರ್ಧ ಗಂಟೆ ಹುಡುಕಿದೆ.

ನೀವು ಇವತ್ತು ನಿಮ್ಮ ಪೆಟ್ಟಿಗೆ ತೋರಿಸಿದ ಮೇಲೆ ಹಾಗೇ ಹೊರಡಬೇಡಿ. ಅವಳನ್ನು ಕೆಳಗೆ ಕರೆಸಿ. ಕೆಲಸ ಇದೆ ಅಂದರೆ, ಲಾರಿ ಗೇಟಿಗೆ ಅಡ್ಡ ನಿಲ್ಲಿಸಿಕೊಂಡು ಕಾಯುತ್ತೇನೆ ಅನ್ನಿ. ಬಾಯಲ್ಲಿ "ಸರಿ ಅಂತ ಹೇಳಿ" ಅಂತಲೋ "ಆಮೇಲೆ ನೋಡೋಣ ಅಂತ ಹೇಳಿ" ಅಂತಲೋ ಕಳಿಸಲು ನೋಡುತ್ತಾಳೆ, ಒಪ್ಪಬೇಡಿ. ಎರಡು ಸಾಲಾದರೂ ಅವಳ ಕೈಬರಹ ಬೇಕು. ಕಾಗದ ಇಲ್ಲ ಅಂದರೆ ಈ ಚೀಟಿಯ ಹಿಂಬದಿ ಖಾಲಿ ಇದೆ.

ಅವಳ ಉತ್ತರ ತೆಗೆದುಕೊಂಡೇ ಬನ್ನಿ. ಹೌದು ಅಂತಿರಲಿ, ಇಲ್ಲ ಅಂತಿರಲಿ, ನೀವು ಒಡೆಯಬೇಡಿ, ನನ್ನ ಹತ್ತಿರವೂ ತರಬೇಡಿ. ನಾನು ಎದುರಿಗೇ ನಿಂತು ಕೈ ಚಾಚಿದರೂ ನನಗೆ ಕೊಡಬೇಡಿ. ಬೆಂಚಿನ ಹತ್ತಿರ ಹೋಗಿ ಇವರ ಕೈಗೇ ಕೊಡಿ.

ನಿಮ್ಮ ಅತ್ತಿಗೆ